ಸದ್ದು ಇಂಜಿನ್ನಿನದೋ, ಚಕ್ರದ್ದೋ?
ಹಳೇ ಕಾರಿನಲ್ಲಿ ಗುಂಯ್ ಅಂತ ಸದ್ದು ಬರುತ್ತಿದ್ದರೆ, ಖಾಲಿ ಸಮತಟ್ಟು ರಸ್ತೆಯಲ್ಲಿ 50 ಕಿ.ಮೀ. ವೇಗದಲ್ಲಿರುವಾಗ ನ್ಯೂಟ್ರಲ್‌ಗೆ ಹಾಕಿ ಕಿವಿಗೊಟ್ಟು ಕೇಳಿ. ಸದ್ದು ತಕ್ಷಣ ಬಿದ್ದುಹೋದರೆ ಇಂಜಿನ್ ಅಥವಾ ಗೇರ್‌ಬಾಕ್ಸ್ ಕಡೆಯದು. ಹಾಗೇ ಉಳಿದು, ಗಾಡಿ ನಿಧಾನವಾದಂತೆ ಇಳಿದರೆ ಚಕ್ರದ್ದು. ನ್ಯೂಟ್ರಲ್‌ನಲ್ಲಿ ಇಂಜಿನ್ ವೇಗ ಇಳಿದುಬಿಡುತ್ತದೆ, ಚಕ್ರ ಮಾತ್ರ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ ಅಲ್ವಾ, ಅಷ್ಟೇ ವಿಷಯ. ಯಾವ ಕಡೆಯ ಚಕ್ರ ಅಂತ ತಿಳಿಯಲು ಉದ್ದನೆಯ ತಿರುವು ಸಾಕು: ಎಡಕ್ಕೆ ತಿರುಗುವಾಗ ಭಾರ ಬಲಗಡೆಗೆ ಬೀಳುತ್ತದೆ, ಆಗ ಸದ್ದು ಜಾಸ್ತಿಯಾದರೆ ಹೆಚ್ಚಾಗಿ ಬಲಗಡೆ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಇರುವ ಭಾಗ) ಸವೆದಿರುತ್ತದೆ. ಆದರೆ ಟೈರ್ ಏರುಪೇರಾಗಿ ಸವೆದಿದ್ದರೂ ಥೇಟ್ ಇದೇ ಸದ್ದು ಬರುತ್ತದೆ. ಡಾಂಬರು ಬಿಟ್ಟು ಕಾಂಕ್ರೀಟ್ ರಸ್ತೆಗೆ ಹೋದಾಗ ಸ್ವರ ಬದಲಾದರೆ ಮೊದಲು ಟೈರ್ ಸವರಿ ನೋಡಿ, ಸುಮ್ನೆ ಬೇರಿಂಗ್‌ಗೆ ದುಡ್ಡು ಸುರಿಯಬೇಡಿ. ಎರಡೂ ಕಡೆ ಬೇರಿಂಗ್ ಸವೆದಿದ್ದರೆ ತಿರುವಿನ ಪರೀಕ್ಷೆ ಉಪಯೋಗಕ್ಕೆ ಬರಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಟಕ್ ಟಕ್ ಅಂದರೆ ಅದು ಬೇರೆಯೇ, ಚಕ್ರಕ್ಕೆ ಶಕ್ತಿ ತಲುಪಿಸುವ ಡ್ರೈವ್ ಶಾಫ್ಟಿನ ಜಾಯಿಂಟ್. ಹಾಂ, ಇಳಿಜಾರಿನಲ್ಲಿ ಈ ನ್ಯೂಟ್ರಲ್ ಪರೀಕ್ಷೆ ಮಾಡಬೇಡಿ. ಓಡುವಾಗ ಕೀ ಅಂತೂ ಆಫ್ ಮಾಡಲೇಬೇಡಿ, ಸ್ಟೇರಿಂಗ್ ಲಾಕ್ ಆಗಬಹುದು, ಬ್ರೇಕ್ ಕೂಡ ಗಟ್ಟಿಯಾಗುತ್ತದೆ.