ಸಾವಿನ ಆಟದಲ್ಲಿ ಆರು ಮಕ್ಕಳು: ನನ್ನ ಕಾಮಿಕ್ಸ್ ಆದ ಬಗೆ

ಶಕ್ತಿಯಿರುವ ಆರು ಮಕ್ಕಳನ್ನು ಒಂದು ಕಡೆ ಕೂಡಿಹಾಕಿ, ಒಬ್ಬರೇ ಉಳಿಯುವ ತನಕ ಹೊಡೆದಾಡಿ ಅಂತ ಹೇಳುವ ಕಥೆ ನನ್ನ ಕಾಮಿಕ್ಸ್‌ನದು. ಇಂಥ ಕಥೆಯ ಹುಚ್ಚು ಹತ್ತಿಸಿದ್ದು ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್‌ನ ‘ಅವೆಂಜರ್ಸ್ ಅರೀನಾ’. 2012ರ ಡಿಸೆಂಬರ್‌ನಲ್ಲಿ ಶುರುವಾಗಿ, ಮುಂದಿನ ವರ್ಷ 18ನೇ ಸಂಚಿಕೆಗೆ ಮುಗಿದ ಸರಣಿ ಅದು. ಬರೆದವರು ಡೆನ್ನಿಸ್ ಹೋಪ್‌ಲೆಸ್. ಮುಖ್ಯ ಚಿತ್ರಕಾರರು ಕೆವ್ ವಾಕರ್. ಆರ್ಕೇಡ್ ಎಂಬ ಹಳೆಯ ಖಳ ಶಕ್ತಿಯಿರುವ 16 ಹದಿಹರೆಯದವರನ್ನು ಮರ್ಡರ್‌ವರ್ಲ್ಡ್ ಎಂಬ ತನ್ನ ಸಾವಿನ ಆಟದ ಜಾಗಕ್ಕೆ ಹಿಡಿದು ತರುತ್ತಾನೆ. 30 ದಿನ ಕಳೆದ ಮೇಲೆ ಒಬ್ಬರು ಮಾತ್ರ ಬದುಕಿರಬೇಕು ಎನ್ನುತ್ತಾನೆ. ಆ ಪುಟಗಳನ್ನು ಮುಂದಿಟ್ಟುಕೊಂಡು, ಒಂದೊಂದೇ ಪ್ಯಾನೆಲ್ ಅನ್ನು, ಅಂದರೆ ಪುಟದ ಒಂದೊಂದು ಚಿತ್ರದ ಚೌಕವನ್ನು, ಪೆನ್ಸಿಲ್‌ನಲ್ಲಿ ಮತ್ತೆ ಬಿಡಿಸಿ ನಾನು ಕೆಲಸ ಕಲಿತೆ.

ಮೊದಲ ಸಂಚಿಕೆಯಲ್ಲೇ ಆ ಹದಿನಾರರಲ್ಲಿ ಒಬ್ಬನಾದ ಮೆಟಲ್ ಸಾಯುತ್ತಾನೆ. ಅವನದು ಕೆಂಪು ಲೋಹದ ಮೈ, ತಲೆಬುರುಡೆಯಂಥ ಮುಖ. ಅವನ ಗೆಳತಿ ಹ್ಯಾಝ್‌ಮ್ಯಾಟ್‌ಳ ಮೈಯಿಂದ ಸದಾ ವಿಕಿರಣ ಹೊಮ್ಮುತ್ತದೆ. ಅದಕ್ಕೇ ಅವಳು ರಕ್ಷಣೆಯ ಸೂಟ್ ಒಳಗೇ ಇರಬೇಕು. ಅವಳ ಹತ್ತಿರ ಹೋದರೂ ಏನೂ ಆಗದವನು ಈ ಲೋಹದ ಹುಡುಗ. ಅವಳನ್ನು ಉಳಿಸಲು ಅವನು ತನ್ನ ಜೀವ ಕೊಡುತ್ತಾನೆ. ಓದುಗನಿಗೆ ನೋವಾಗುವುದು ಸಾವಿನ ಪ್ಯಾನೆಲ್‌ನಿಂದಲ್ಲ, ಇವರಿಬ್ಬರಿಗೆ ಒಬ್ಬರನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಅನ್ನುವುದು ಗೊತ್ತಿರುವುದರಿಂದ. ಈ ಸರಣಿ ಮಕ್ಕಳನ್ನು ಕೊಲ್ಲುತ್ತದೆ ಅಂತ ಅಭಿಮಾನಿಗಳು ತುಂಬಾ ಸಿಟ್ಟಾದರು. ನನಗೆ ಆ ಸಿಟ್ಟು ಅರ್ಥವಾಗುತ್ತದೆ. ಆ ಪಾತ್ರಗಳ ಮೇಲೆ ಅಷ್ಟು ಪ್ರೀತಿ ಇರದಿದ್ದರೆ ಯಾರು ಸಿಟ್ಟಾಗುತ್ತಿದ್ದರು?

ಹಾಗಾಗಿ ನಾನು ಮೊದಲು ಬರೆದದ್ದು ಯಾರು ಯಾವಾಗ ಸಾಯುತ್ತಾರೆ ಎಂಬ ಪಟ್ಟಿಯನ್ನಲ್ಲ. ಆರು ಮಕ್ಕಳಿಗೂ ಒಂದೊಂದು ಆಸೆ ಬರೆದೆ. ಒಬ್ಬಳಿಗೆ ತಂಗಿಯ ಹುಟ್ಟುಹಬ್ಬಕ್ಕೆ ಊರು ತಲುಪಬೇಕು. ಇನ್ನೊಬ್ಬನಿಗೆ ತನ್ನ ಶಕ್ತಿ ಹೋದರೆ ಸಾಕಾಗಿದೆ. ಆಟದಲ್ಲಿ ಅವರು ಮಾಡುವ ಪ್ರತಿಯೊಂದು ಕೆಲಸವೂ ಆ ಆಸೆಯಿಂದಲೇ ಹುಟ್ಟಬೇಕು ಅಂತ ಹಟ ಹಿಡಿದೆ. ಸುಮ್ನೆ ಹೊಡೆದಾಟ ಬೇಕು ಅಂತ ಬಂದ ಪ್ಯಾನೆಲ್‌ಗಳೆಲ್ಲ ಥಂಬ್‌ನೇಲ್ ಹಂತದಲ್ಲೇ, ಅಂದರೆ ಪುಟದ ಪುಟ್ಟ ಕಚ್ಚಾ ಚಿತ್ರ ಬಿಡಿಸುವಾಗಲೇ, ಬಿದ್ದುಹೋದವು.

ಜನ ಜಾಸ್ತಿ ಇರುವ ಕಾಮಿಕ್ಸ್‌ನಲ್ಲಿ ಚಿತ್ರದ ದೊಡ್ಡ ಕಷ್ಟ ಗುರುತಿನದು. ವಾಕರ್ ಅವರ ಪುಟಗಳಲ್ಲಿ ಮುಖ ಕಾಣದಿದ್ದರೂ ಯಾರು ಅಂತ ಗೊತ್ತಾಗುತ್ತದೆ. ಆ ಸರಣಿಯ ಹುಡುಗರನ್ನೇ ನೋಡಿ: ಅನಾಕ್ರೊನಿಸಂನ ಕೊಡಲಿ, ಡಾರ್ಕ್‌ಹಾಕ್‌ನ ರೆಕ್ಕೆ, ಜಸ್ಟನ್ ಬೆನ್ನಿಗೆ ನಿಲ್ಲುವ ಬೃಹತ್ ರೋಬೋ ಸೆಂಟಿನೆಲ್. ನಾನೂ ಆರು ಮಕ್ಕಳನ್ನು ಬರೀ ಕಪ್ಪು ಇಂಕ್ ತುಂಬಿದ ಆಕಾರಗಳಾಗಿ ಬಿಡಿಸಿದೆ. ಕಣ್ಣಿಲ್ಲ, ಬಟ್ಟೆಯ ಗೆರೆಯಿಲ್ಲ. ಎರಡು ಆಕಾರ ಒಂದೇ ಥರ ಕಂಡರೆ ಒಂದರ ಎತ್ತರ ಬದಲಿಸಿದೆ, ಇಲ್ಲವೇ ನಿಲ್ಲುವ ರೀತಿ ಬದಲಿಸಿದೆ. ಆರು ಮಕ್ಕಳಲ್ಲಿ ಒಬ್ಬಳಾದ ಗೌರಿ ಯಾವಾಗಲೂ ಒಂದು ಅಂಗೈಯನ್ನು ನೆಲಕ್ಕೋ ಗೋಡೆಗೋ ಒತ್ತಿರುತ್ತಾಳೆ, ಯಾಕೆಂದರೆ ಮಣ್ಣಿನೊಳಗಿನ ಸದ್ದು ಅವಳಿಗೆ ಕೇಳುತ್ತದೆ. ಆ ಒಂದು ಭಂಗಿಯೇ ಅವಳ ಗುರುತಾಯಿತು.

ಕಥೆ ನಡೆಯುವ ಜಾಗ ಕೋಲಾರದ ಮುಚ್ಚಿದ ಚಿನ್ನದ ಗಣಿ. 2001ರಲ್ಲಿ ಅಲ್ಲಿ ಕೆಲಸ ನಿಂತಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳ. ಮೇಲೆ ಶಾಫ್ಟ್‌ನ, ಅಂದರೆ ಗಣಿಗೆ ಇಳಿಯುವ ಬಾವಿಯಂಥ ದಾರಿಯ, ಕಬ್ಬಿಣದ ಗೋಪುರಗಳು, ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಬೋಳು ಸಯನೈಡ್ ದಿಬ್ಬಗಳು. ಕೆಳಗೆ ಕತ್ತಲೆ. ಮರ್ಡರ್‌ವರ್ಲ್ಡ್‌ನಲ್ಲಿ ಹಿಮ, ಕಾಡು, ಮರಳು ಎಲ್ಲ ಬೇರೆ ಬೇರೆ ಕಡೆ ಇವೆ. ಬಣ್ಣದಿಂದಲೇ ಜಾಗ ತಿಳಿಯುತ್ತದೆ. ನನ್ನದು ಕಪ್ಪು ಬಿಳುಪು. ಹಾಗಾಗಿ ಬೆಳಕನ್ನೇ ಒಂದು ಪಾತ್ರಕ್ಕೆ ಕೊಟ್ಟೆ. ಸೆಲ್ವ ಎಂಬ ಹುಡುಗನ ಮೈ ಹೊಳೆಯುತ್ತದೆ. ಆರು ಜನರಲ್ಲಿ ಅವನೇ ಚಿಕ್ಕವನು.

ಸುರಂಗದ ಪುಟಗಳಿಗೆಲ್ಲ ಒಂದೇ ನಿಯಮ: ಬೆಳಕು ಸೆಲ್ವ ಇರುವ ಕಡೆಯಿಂದಲೇ ಬರಬೇಕು. ಅವನು ಹತ್ತಿರ ಇದ್ದರೆ ಮುಖಗಳು ಪೂರ್ತಿ ಕಾಣುತ್ತವೆ. ದೂರ ಹೋದರೆ ಮೂಗಿನ ಅಂಚು, ಬೆರಳ ತುದಿ, ಅಷ್ಟೇ. ಬ್ರಷ್‌ನಲ್ಲಿ ಮೊದಲು ಕಪ್ಪು ತುಂಬಿ, ಆಮೇಲೆ ಬಿಳಿ ಇಂಕ್‌ನಲ್ಲಿ ಗೆರೆ ಎಳೆದೆ. ಓದುವವರಿಗೆ ಈ ನಿಯಮ ಹೇಳಲಿಲ್ಲ. ನಾಲ್ಕೈದು ಪುಟ ದಾಟುವಷ್ಟರಲ್ಲಿ ಅವರ ಕಣ್ಣಿಗೆ ಅದು ಅಭ್ಯಾಸವಾಗುತ್ತದೆ.

ಸೆಲ್ವ ಸಾಯುವುದನ್ನು ನಾನು ತೋರಿಸಿಲ್ಲ. ಬಲಪುಟದ ಕೊನೆಯ ಪ್ಯಾನೆಲ್‌ನಲ್ಲಿ ಅವನು ತಿರುಗಿ, “ಅಕ್ಕಾ, ನನ್ ಹಿಂದೇನೇ ಬಾ” ಅನ್ನುತ್ತಾನೆ. ಪುಟ ತಿರುಗಿಸಿದರೆ ಎಡಪುಟದ ಎಲ್ಲ ಪ್ಯಾನೆಲ್‌ಗಳೂ ಕಪ್ಪು. ಗೌರಿ ಅವನ ಹೆಸರು ಕೂಗುವ ಮಾತಿನ ಬಲೂನ್‌ಗಳು ಮಾತ್ರ ಇವೆ. ದೊಡ್ಡ ಸುದ್ದಿಯನ್ನು ಎಡಪುಟಕ್ಕೇ ಇಡಬೇಕು. ಬಲಪುಟಕ್ಕೆ ಇಟ್ಟರೆ ಎದುರಿನ ಪುಟ ಓದುವಾಗಲೇ ಕಣ್ಣು ಅದರ ಮೇಲೆ ಬಿದ್ದಿರುತ್ತದೆ. ಇದಕ್ಕಾಗಿ ಮುಂಚಿನ ಪುಟಗಳ ಲೆಕ್ಕವನ್ನೆಲ್ಲ ಒಂದು ಪುಟ ಸರಿಸಿದೆ. ಆ ಒಂದು ಪುಟದಲ್ಲಿ ಮಕ್ಕಳು ಒಂದೇ ಬನ್ ಅನ್ನು ಹಂಚಿಕೊಂಡು ತಿನ್ನುತ್ತಾರೆ. ಇಡೀ ಪುಸ್ತಕದಲ್ಲಿ ನನಗೆ ಇಷ್ಟದ ಪುಟ ಅದೇ.

ಕನ್ನಡ ಲೆಟರಿಂಗ್, ಅಂದರೆ ಕಾಮಿಕ್ಸ್‌ಗೆ ಮಾತು ಬರೆಯುವುದು, ಬೇರೆಯದೇ ವಿದ್ಯೆ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಎಲ್ಲ ಕ್ಯಾಪಿಟಲ್ ಅಕ್ಷರ, ಸಾಲುಗಳು ಒತ್ತಾಗಿ ಕೂರುತ್ತವೆ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಸಾಲಿನ ನಡುವೆ ಜಾಗ ಬಿಡದಿದ್ದರೆ ಒಂದಕ್ಕೊಂದು ತಾಗುತ್ತವೆ. ಪದಗಳೂ ಉದ್ದ. ಹೀಗಾಗಿ ಥಂಬ್‌ನೇಲ್ ಮಾಡುವಾಗಲೇ ಮಾತುಗಳನ್ನು ಬರೆದು, ಬಲೂನ್‌ಗೆ ಅಗಲವಾದ ಜಾಗ ಬಿಟ್ಟು, ಆಮೇಲೆ ಚಿತ್ರ ಕೂರಿಸುತ್ತೇನೆ. ಕೆಲವು ಡ್ರಾಯಿಂಗ್ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತದೆ. ಅದಕ್ಕೆ ಮಾತುಗಳನ್ನು ಇಂಕ್‌ಸ್ಕೇಪ್ ಎಂಬ ಸಾಫ್ಟ್‌ವೇರ್‌ನಲ್ಲಿ ಹಾಕುತ್ತೇನೆ. ಫಾಂಟ್ ಬಲೂ ತಮ್ಮ. ಉಚಿತ, ದುಂಡಗೆ, ಚಿಕ್ಕ ಗಾತ್ರದಲ್ಲೂ ಓದಲು ಸುಲಭ. ‘ದಡ್’, ‘ಕಿರ್ರ್’ ಥರದ ಸದ್ದುಗಳನ್ನು ಮಾತ್ರ ಕೈಯಲ್ಲೇ ಬರೆಯುತ್ತೇನೆ. ಬಂಡೆ ಜರುಗುವ ಸದ್ದಿಗೆ ಅಕ್ಷರಗಳೂ ಜರುಗಬೇಕು, ಅಲ್ವಾ?

ಮಾತು ಹಾಕುವ ಮೊದಲು ಪುಟಗಳನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟು, ಏನಾಗುತ್ತಿದೆ ಹೇಳಿ ಅಂದೆ. ಅವರು ತಡವರಿಸಿದ ಕಡೆ ಹೆಚ್ಚಾಗಿ ಯಾರು ಎಲ್ಲಿ ನಿಂತಿದ್ದಾರೆ ಅನ್ನುವುದೇ ತೊಡಕು. ಅಂಥ ಕಡೆ ಒಂದು ದೂರದ ನೋಟದ ಪ್ಯಾನೆಲ್ ಸೇರಿಸಿದೆ. ಸೆಲ್ವನ ಕಪ್ಪು ಪುಟಕ್ಕೆ ಬಂದಾಗ ಅವರಲ್ಲಿ ಚಿಕ್ಕವಳು ಹಿಂದಿನ ಪುಟಕ್ಕೆ ಹೋಗಿ ಮತ್ತೆ ನೋಡಿದಳು. ಆ ಪುಟವನ್ನು ನಾನು ಮುಟ್ಟಲಿಲ್ಲ.

ಎರಡನೇ ಸಂಚಿಕೆಯಲ್ಲಿ ಸೆಲ್ವ ಇಲ್ಲ. ಬೆಳಕನ್ನು ಬೇರೆ ಕಡೆಯಿಂದ ತರಬೇಕು: ಹಳೆಯ ಕಾರ್ಬೈಡ್ ದೀಪ, ಬೆಂಕಿಕಡ್ಡಿ, ಶಾಫ್ಟ್ ಬಾಯಿಂದ ಇಳಿಯುವ ಮಧ್ಯಾಹ್ನದ ಬಿಸಿಲು. ಯಾವುದು ಯಾರ ಕೈಗೆ, ಎಷ್ಟು ಹೊತ್ತು ಅನ್ನುವುದನ್ನು ಈಗ ಥಂಬ್‌ನೇಲ್‌ಗಳಲ್ಲಿ ಹಂಚುತ್ತಿದ್ದೇನೆ. ಬೆಂಕಿಪೊಟ್ಟಣವನ್ನು ಗೌರಿಗೇ ಕೊಡುವ ಯೋಚನೆ ಇದೆ. ಆದರೆ ಅವಳ ಒಂದು ಕೈ ಸದಾ ಗೋಡೆ ಮೇಲಿರುತ್ತದಲ್ಲ, ಕಡ್ಡಿ ಗೀರಲು ಇನ್ನೊಬ್ಬರು ಅವಳ ಜೊತೆಗಿರಲೇಬೇಕು.