ಅಂಡ ಬೆಳೆಸುವ ಇಂಜೆಕ್ಷನ್: ಮನೆಯಲ್ಲಿ ಕಲಸುವಾಗ ಎಡವಬೇಡಿ

ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆಯಲ್ಲಿ ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ ಶುರುವಾಗುವ ಹಾರ್ಮೋನ್ ಇಂಜೆಕ್ಷನ್ ಸಾಮಾನ್ಯವಾಗಿ 8ರಿಂದ 12 ದಿನ ನಡೆಯುತ್ತದೆ. ಸಿಂಧನೂರು, ಗಂಗಾವತಿ ಕಡೆಯಿಂದ ಬಳ್ಳಾರಿಗೆ ದಿನವೂ ಬಸ್ ಹತ್ತಲಾಗದವರು ಮನೆಯಲ್ಲೇ ಚುಚ್ಚಿಕೊಳ್ಳುತ್ತಾರೆ. ಚುಚ್ಚುವುದು ಬೇಗ ರೂಢಿಯಾಗುತ್ತದೆ. ಕೆಲಸ ಕೆಡುವುದು ಅದಕ್ಕೂ ಮೊದಲೇ.

ಔಷಧಿ ತರುವುದು: ಅಂಡ ಬೆಳೆಸುವ ಹಾರ್ಮೋನಾದ, ಪೆನ್ ರೂಪದ ಎಫ್‌ಎಸ್‌ಎಚ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು. 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಅದನ್ನು ಬರೀ ಕೈಚೀಲದಲ್ಲಿ ತರುವವರಿದ್ದಾರೆ. ಅತಿ ಜಾಗ್ರತೆಯಿಂದ ಐಸ್‌ನಲ್ಲೇ ಹೂತು ತರುವವರೂ ಇದ್ದಾರೆ. ಹೆಪ್ಪುಗಟ್ಟಿದರೂ ಔಷಧಿ ಹಾಳೇ. ಐಸ್ ಪ್ಯಾಕಿಗೆ ಟವೆಲ್ ಸುತ್ತಿ, ಪೆನ್ನನ್ನು ಪಕ್ಕದಲ್ಲಿಡಿ. ಮನೆಯಲ್ಲಿ ಫ್ರಿಜ್ಜಿನ ನಡುವಿನ ಅಂತಸ್ತು ಸರಿ, ಬಾಗಿಲು ಬೇಡ. ಫ್ರಿಜ್ಜೇ ಇಲ್ಲದ ಅಂಗಡಿಯವನು ಎಷ್ಟೇ ರಿಯಾಯಿತಿ ಕೊಟ್ಟರೂ ಕೊಳ್ಳಬೇಡಿ.

ಕಲಸುವುದು: ಎಚ್‌ಎಂಜಿ ಎಂಬ, ಇದೇ ಕೆಲಸದ ಇನ್ನೊಂದು ಹಾರ್ಮೋನಿನ ಪುಡಿಯ ಬಾಟಲಿ ಬಂದಿದ್ದರೆ ಇಲ್ಲಿ ನಿಧಾನಿಸಿ. ಕೈ ತೊಳೆದು, ರಬ್ಬರ್ ಮುಚ್ಚಳವನ್ನು ಸ್ಪಿರಿಟ್‌ನಿಂದ ಒರೆಸಿ, ಅದು ಆರುವವರೆಗೆ ಕಾಯಿರಿ. ದಪ್ಪ ಸೂಜಿಯಿಂದ ಜೊತೆಗೆ ಕೊಟ್ಟ ದ್ರಾವಣ ಎಳೆದು, ಪುಡಿಯ ಮೇಲೆ ಚಿಮ್ಮಿಸದೆ ಗಾಜಿನ ಗೋಡೆಗುಂಟ ಇಳಿಬಿಡಿ. ಕೆಮ್ಮಿನ ಸಿರಪ್ಪಿನಂತೆ ಕುಲುಕಬೇಡಿ! ನೊರೆ ಎದ್ದರೆ ಡೋಸ್ ಪೂರ್ತಿ ಸಿರಿಂಜಿಗೆ ಬರುವುದಿಲ್ಲ. ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ. ಕರಗಿದ್ದು ತಿಳಿನೀರಿನಂತೆ ಕಾಣಬೇಕು. ಕಣ ತೇಲಿದರೆ ಬಳಸಬೇಡಿ. ಎರಡು ಮೂರು ಬಾಟಲಿಯ ಡೋಸ್ ಇದ್ದವರಿಗೆ ಸಾಮಾನ್ಯವಾಗಿ ಪುಡಿ ಕರಗಿದ ಅದೇ ದ್ರಾವಣವನ್ನು ಮುಂದಿನ ಬಾಟಲಿಗೂ ಹಾಕಲು ಹೇಳಿರುತ್ತಾರೆ; ನರ್ಸ್ ತೋರಿಸಿದಂತೆಯೇ ಮಾಡಿ. ಚುಚ್ಚುವ ಮೊದಲು ಸಣ್ಣ ಸೂಜಿಗೆ ಬದಲಿಸಿ.

ಇನ್ನೊಂದು ಅವಾಂತರ ಇನ್ಸುಲಿನ್ ಸಿರಿಂಜಿನದು. ಮನೆಯಲ್ಲಿ ಮಾವನವರ ಸಕ್ಕರೆ ಕಾಯಿಲೆಗೆ ತಂದದ್ದು ಇದೆಯಲ್ಲ ಎಂದು ಅದನ್ನೇ ಎತ್ತಿಕೊಳ್ಳುತ್ತಾರೆ. ಅದರ ಮೇಲಿನ ಯೂನಿಟ್ ಗೆರೆಗಳು ಇನ್ಸುಲಿನ್ ಲೆಕ್ಕದವು. ಕೆಂಪು ಮುಚ್ಚಳದ್ದರಲ್ಲಿ 40ರ ಗೆರೆ ಎಂದರೆ 1 ಮಿ.ಲೀ. 75 ಯೂನಿಟ್ ಎಫ್‌ಎಸ್‌ಎಚ್‌ಗೂ ಆ ಗೆರೆಗೂ ಸಂಬಂಧವೇ ಇಲ್ಲ.

ಚುಚ್ಚುವುದು: ಹೊಕ್ಕುಳಿನಿಂದ ಎರಡು ಅಂಗುಲ ದೂರ, ದಿನಕ್ಕೊಂದು ಬದಿ. ಕಲಸುವ ಕೆಲಸ ಗಂಡನಿಗೇ ಇರಲಿ. ಇಡೀ ಚಿಕಿತ್ಸೆಯನ್ನು ಹೆಂಡತಿ ಒಬ್ಬಳೇ ಏಕೆ ಹೊರಬೇಕು?

ಕೊನೆಯದು ಅಂಡವನ್ನು ಪೂರ್ತಿ ಮಾಗಿಸುವ ಟ್ರಿಗರ್ ಇಂಜೆಕ್ಷನ್. ಅದಾದ 34ರಿಂದ 36 ಗಂಟೆಗೆ ಅಂಡ ಹೊರತೆಗೆಯುತ್ತಾರೆ. ಸೋಮವಾರ ರಾತ್ರಿ 10ಕ್ಕೆ ಚುಚ್ಚಿದರೆ ಬುಧವಾರ ಬೆಳಿಗ್ಗೆ 8ರಿಂದ 10ರೊಳಗೆ. ಮೊಬೈಲಿನಲ್ಲಿ ಎರಡು ಅಲಾರಂ ಇಡಿ. ಮದುವೆ ಮನೆಯಲ್ಲಿ ಕುಳಿತು ಒಂದು ಗಂಟೆ ತಡವಾದರೆ ಮುಚ್ಚಿಡದೆ ಆಸ್ಪತ್ರೆಗೆ ಆಗಲೇ ಹೇಳಿ, ಅವರು ಸಮಯ ಹೊಂದಿಸಬಲ್ಲರು. ಮುಚ್ಚಿಟ್ಟರೆ ಅಂಡ ಕೈಗೆ ಸಿಗದೆ ಹೋಗಬಹುದು. ಹೊಟ್ಟೆ ಬಿಗಿದು ಉಬ್ಬಿದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎನ್ನದೆ ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ.