ರಿಪೇರಿ ಮ್ಯಾನ್ಯುಯಲ್ ನೋಡ್ಕೊಂಡು ಕಾರು ಬಿಚ್ಚೋದು ಹೇಗೆ (ವಾಪಸ್ ಜೋಡ್ಸೋದು ಬೇರೆ ವಿಷ್ಯ)

ಮೊದ್ಲೇ ಹೇಳ್ಬಿಡ್ತೀನಿ, ಮ್ಯಾನ್ಯುಯಲ್ ಸುಳ್ಳು ಹೇಳಲ್ಲ. ಅದ್ರಲ್ಲಿ ಬರ್ದಿರೋದೆಲ್ಲ ನಿಜಾನೇ, ಆದ್ರೆ ಅದು ನಿಜ ಆಗೋದು ಫ್ಯಾಕ್ಟರಿಯಿಂದ ಈಗಷ್ಟೇ ಆಚೆ ಬಂದಿರೋ ಕಾರಿಗೆ, ಅದೂ ಆ ಕಾರು ಲಿಫ್ಟ್ ಮೇಲೆ ನಿಂತಿರ್ಬೇಕು, ಸುತ್ತ ಲೈಟ್ ಇರ್ಬೇಕು, ಗೋಡೆ ತುಂಬ ಟೂಲ್ಸ್ ನೇತಾಕಿರ್ಬೇಕು. ನಿಮ್ ಕಾರು ಎಷ್ಟೋ ಮಳೆಗಾಲ ನೋಡಿದೆ, ಮಂಗಳೂರು ಉಡುಪಿ ಕಡೇದಾದ್ರೆ ಉಪ್ಪುಗಾಳಿನೂ ಕುಡ್ದಿದೆ, ನಿಂತಿರೋದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ, ಲೈಟ್ ಅಂದ್ರೆ ಬಾಯಲ್ಲಿ ಕಚ್ಕೊಂಡಿರೋ ಮೊಬೈಲು. ಈ ವ್ಯತ್ಯಾಸ ತಲೇಲಿಟ್ಕೊಂಡು ಓದಿದ್ರೆ ಮಾತ್ರ ಮ್ಯಾನ್ಯುಯಲ್ ಕೆಲ್ಸಕ್ಕೆ ಬರತ್ತೆ, ಇಲ್ಲಾಂದ್ರೆ ಬಿಪಿ ಬರತ್ತೆ.

ಕೈ ಹಾಕೋ ಮುಂಚೆ ಹಿಂದಿನ ರಾತ್ರೀನೇ ಆ ಚಾಪ್ಟರ್ ಪೂರ್ತಿ ಓದಿ, ಪೂರ್ತಿ ಅಂದ್ರೆ ಕೊನೇ ಸಾಲಿನ ತನಕ. ಯಾಕಂದ್ರೆ ಈ ಮ್ಯಾನ್ಯುಯಲ್ ಬರೆಯೋರಿಗೆ ಒಂದು ಚಟ ಇದೆ, 6ನೇ ಸ್ಟೆಪ್ಪಲ್ಲಿ ಪೈಪ್ ಎಳೀರಿ ಅಂತಾರೆ, ಪುಟ ತಿರುಗ್ಸಿದ್ರೆ ಅಲ್ಲೊಂದು ಬಾಕ್ಸು, ಅದ್ರಲ್ಲಿ ದಪ್ಪ ಅಕ್ಷರದಲ್ಲಿ ಎಚ್ಚರಿಕೆ, ಪೈಪ್ ಎಳೆಯೋ ಮುಂಚೆ ಹಿಂಗಿಂಗ್ ಮಾಡಿ ಅಂತ. ಅಷ್ಟೊತ್ತಿಗೆ ಪೈಪ್ ಕೈಯಲ್ಲಿರತ್ತೆ, ಕೂಲಂಟ್ ಶರ್ಟ್ ಮೇಲಿರತ್ತೆ. ಇನ್ನೊಂದು, ಓದ್ತಾ ಹೋದಂಗೆ "ಹೊಸದನ್ನೇ ಹಾಕಿ" ಅಂತ ಎಲ್ಲೆಲ್ಲಿ ಬರತ್ತೋ ಪೆನ್ಸಿಲಲ್ಲಿ ಗುರುತು ಹಾಕಿ ಲಿಸ್ಟ್ ಮಾಡ್ಕೊಳ್ಳಿ, ಗ್ಯಾಸ್ಕೆಟ್ಟು, ಓ ರಿಂಗು (ಎರಡೂ ಸೋರದೇ ಇರೋಕೆ ಮಧ್ಯೆ ಕೂರ್ಸೋ ಸೀಲುಗಳು), ಆಯಿಲ್ ಇಳಿಸೋ ಡ್ರೈನ್ ಪ್ಲಗ್ಗಿನ ವಾಶರ್ರು, ಪ್ಲಾಸ್ಟಿಕ್ ಕ್ಲಿಪ್ಪು. ಎಲ್ಲಾ ಸೇರಿ ದೊಡ್ಡ ಖರ್ಚೇನಲ್ಲ, ಆದ್ರೆ ಭಾನುವಾರ ಮಧ್ಯಾಹ್ನ ಕಾರು ಅರ್ಧ ಬಿಚ್ಚಿರೋವಾಗ ಸ್ಪೇರ್ ಪಾರ್ಟ್ಸ್ ಅಂಗಡಿಗಳಿರೋ ಬೆಂಗಳೂರಿನ ಜೆಸಿ ರೋಡಿಗೆ ಅದೇ ಕಾರಲ್ಲೇ ಹೋಗ್ಬೇಕು ಅನ್ನೋದು ಎಲ್ರಿಗೂ ಆವಾಗ್ಲೇ ಹೊಳೆಯೋದು. ಆಮೇಲೆ ಆಟೋ ಹಿಡ್ಕೊಂಡು ಹೋದ್ರೂ ಅಂಗಡಿ ಬಾಗ್ಲು ತೆಗ್ದಿರ್ಬೇಕಲ್ಲ.

ಮ್ಯಾನ್ಯುಯಲಲ್ಲಿ ಎಡ ಬಲ ಅಂದ್ರೆ ನೀವು ಬಾನೆಟ್ ಎತ್ತಿ ಇಂಜಿನ್ ನೋಡ್ತಾ ನಿಂತಾಗಿನ ಎಡ ಬಲ ಅಲ್ಲ, ಸೀಟಲ್ಲಿ ಕೂತು ಮುಂದೆ ನೋಡ್ತಿದ್ದಾಗ ಇರೋ ಎಡ ಬಲ. ಇದನ್ನ ಬಹಳಷ್ಟು ಪುಸ್ತಕಗಳು ಮೊದಲ ಪುಟದಲ್ಲೇ ಹೇಳಿರತ್ವೆ, ಮೊದಲ ಪುಟ ಓದೋರು ಯಾರು. ಇದ್ರ ಮೇಲೆ ಅಮೆರಿಕಾದವನ ವೀಡಿಯೋ ನೋಡಿದ್ರೆ ಮುಗೀತು ಕಥೆ, ಅಲ್ಲಿ ಸ್ಟೀರಿಂಗ್ ಎಡಗಡೆ, ಹಂಗಾಗಿ ಬ್ರೇಕ್ ಮಾಸ್ಟರ್ ಸಿಲಿಂಡರ್ರೂ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಭಾಗ) ಆ ಕಡೆ, ಇಲ್ಲಿ ಅದೇ ಮಾಡಲ್ ಕಾರಲ್ಲಿ ಆ ಜಾಗದಲ್ಲಿ ಬೇರೇನೋ ಇರತ್ತೆ. ಫೋಟೋಗಳ ಬಗ್ಗೆ ಹೆಚ್ಗೆ ಹೇಳಲ್ಲ. ಕಪ್ಪು ಬಿಳುಪು, ಕತ್ತಲಲ್ಲಿ ಒಂದು ಕೈ, ಒಂದು ಬಾಣ, ಬಾಣ ತೋರಿಸ್ತಿರೋದು ಇನ್ನೊಂದು ಕತ್ತಲನ್ನ. ಅದಕ್ಕೇ ನಿಮ್ ಫೋಟೋ ನೀವೇ ತಗೊಳ್ಳಿ, ಪ್ರತಿ ಪಾರ್ಟ್ ಬಿಚ್ಚೋ ಮುಂಚೆ ಒಂದು, ಬಿಚ್ಚಿದ ಮೇಲೆ ಒಂದು, ವೈರ್ ಯಾವ್ದರ ಹಿಂದಿಂದ ಹೋಗ್ತಿದೆ ಅಂತ ಕಾಣೋ ಹಾಗೆ.

ಟೂಲ್ಸ್ ವಿಷ್ಯಕ್ಕೆ ಬನ್ನಿ. ನಮ್ಮಲ್ಲಿ ಬಹಳ ಮನೇಲಿ ಪಾನಾ ಸೆಟ್ ಆಚೆ ಬರೋದೇ ಆಯುಧ ಪೂಜೆ ದಿನ, ಅರಿಶಿನ ಕುಂಕುಮ ಇಡ್ಸ್ಕೊಂಡು ವಾಪಸ್ ಡಿಕ್ಕಿಗೆ. ಮಾರುತಿ, ಹೋಂಡಾ, ಟೊಯೋಟಾ, ಹ್ಯುಂಡೈ ಇಂಥ ಗಾಡಿಗಳಿಗೆ 10, 12, 14, 17 ಎಂಎಂ ಸೈಜು ಇದ್ರೆ ಮುಕ್ಕಾಲು ಕೆಲ್ಸ ಆಗತ್ತೆ, ಯುರೋಪಿನ ಗಾಡಿ ಆದ್ರೆ 13 ಬೇಕು, ಜೊತೆಗೆ ನಕ್ಷತ್ರ ಆಕಾರದ ಟಾರ್ಕ್ಸ್ ಬಿಟ್ಟುಗಳು ಬೇಕು. ಆರು ಮೂಲೆಯ ಸಾಕೆಟ್ ತಗೊಳ್ಳಿ, ಓಪನ್ ಪಾನಾ ತುಕ್ಕು ಹಿಡ್ದ ಬೋಲ್ಟಿಗೆ ಹಾಕಿದ್ರೆ ಮೂಲೆ ಸವೆದು ಬೋಲ್ಟ್ ಗೋಲಿ ಆಗೋಗತ್ತೆ, ಅಡ್ಜಸ್ಟಬಲ್ ಸ್ಪ್ಯಾನರ್ರನ್ನಂತೂ ಮನೆ ನಲ್ಲಿಗೆ ಬಿಟ್ಬಿಡಿ. 10ರ ಸಾಕೆಟ್ ಎರಡು ತಗೊಳ್ಳಿ, ಯಾಕೆ ಅಂತ ಕೇಳ್ಬೇಡಿ, ಇಂಜಿನ್ ಸಂದಿಗೆ ಬಿದ್ದ 10ರ ಸಾಕೆಟ್ ನೆಲಕ್ಕೆ ಬರಲ್ಲ.

ಇನ್ನು "ಸ್ಪೆಷಲ್ ಟೂಲ್ ಬಳಸಿ" ಅನ್ನೋ ಸಾಲು. ಪಕ್ಕದಲ್ಲೊಂದು ಉದ್ದದ ನಂಬರ್ ಇರತ್ತೆ, ಅದು ಕಂಪನಿ ವರ್ಕ್‌ಶಾಪಿಗೆ ಅಂತ ಮಾಡಿರೋ ಟೂಲು, ನಿಮ್ ಊರ ಹಾರ್ಡ್‌ವೇರ್ ಅಂಗಡೀಲಿ ಕೇಳಿದ್ರೆ ನಿಮ್ಮನ್ನೇ ಒಂಥರಾ ನೋಡ್ತಾರೆ. ಕೆಲವಕ್ಕೆ ದಾರಿ ಇದೆ, ಆಯಿಲ್ ಫಿಲ್ಟರ್ ಬಿಚ್ಚೋ ಕಪ್ಪು, ಬೇರಿಂಗ್ ಪುಲ್ಲರ್ರು ಇವೆಲ್ಲ ಆನ್‌ಲೈನಲ್ಲಿ ಸಿಗತ್ತೆ. ಟೈಮಿಂಗ್ (ಇಂಜಿನ್ ಒಳಗಿನ ವಾಲ್ವು ಪಿಸ್ಟನ್ನುಗಳ ಹೊಂದಾಣಿಕೆ) ಲಾಕ್ ಮಾಡೋ ಟೂಲ್ ಬೇಕು ಅಂತ ಬರ್ದಿದ್ರೆ ಮಾತ್ರ ಅಲ್ಲಿಗೇ ಪುಸ್ತಕ ಮುಚ್ಚಿ, ಅದು ಸುತ್ತಿಗೆ ಸ್ಕ್ರೂಡ್ರೈವರಲ್ಲಿ ಆಗೋ ಕೆಲ್ಸ ಅಲ್ಲ.

ಈಗ ಅಸಲಿ ಕೆಲ್ಸ. ಇಂಜಿನ್ ಆಯಿಲ್ ಚೇಂಜ್ ತಗೊಳ್ಳಿ, ಎಲ್ಲದಕ್ಕಿಂತ ಸುಲಭ ಅಂತಾರೆ. ಮ್ಯಾನ್ಯುಯಲ್ ಮೂರು ಸಾಲಲ್ಲಿ ಮುಗಿಸತ್ತೆ: ತಳದ ಡ್ರೈನ್ ಪ್ಲಗ್ ಬಿಚ್ಚಿ ಆಯಿಲ್ ಇಳಿಸಿ, ಫಿಲ್ಟರ್ ಬದಲಾಯಿಸಿ, ಹೊಸ ಆಯಿಲ್ ತುಂಬಿ. ಆ ಮೂರು ಸಾಲಿನ ಮಧ್ಯದಲ್ಲಿ ಏನೇನಿದೆ ಅಂದ್ರೆ, ಇಂಜಿನ್ ಒಂದೈದು ನಿಮಿಷ ಓಡಿಸಿ ಆಫ್ ಮಾಡಿ, ಉಗುರು ಬೆಚ್ಚಗಾದ್ರೆ ಆಯಿಲ್ ಸಲೀಸಾಗಿ ಇಳಿಯತ್ತೆ, ಕುದಿಯೋಷ್ಟು ಬಿಸಿ ಬೇಡ. ಹ್ಯಾಂಡ್‌ಬ್ರೇಕ್ ಎಳೀರಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಜ್ಯಾಕ್ ಎತ್ತಿ, ಆಮೇಲೆ ಜ್ಯಾಕ್ ಸ್ಟ್ಯಾಂಡ್ (ಎತ್ತಿದ ಕಾರಿನ ಭಾರ ಹೊರೋ ಗಟ್ಟಿ ಸ್ಟ್ಯಾಂಡು) ಕೊಡಿ. ಇಲ್ಲಿ ತಮಾಷೆ ಇಲ್ಲ. ಕಾರಿನ ಜೊತೆ ಬರೋ ಜ್ಯಾಕ್ ಇರೋದು ಟೈರ್ ಬದಲಾಯ್ಸೋಕೆ, ಅದನ್ನ ನಂಬ್ಕೊಂಡು ಕೆಳಗೆ ನುಗ್ಗಬಾರ್ದು, ಇಟ್ಟಿಗೆ ಜೋಡ್ಸಿನೂ ನುಗ್ಗಬಾರ್ದು.

ಕೆಳಗೆ ಮಲಗಿದ ಮೇಲೆ ಮೊದಲ್ನೇ ಗೊಂದಲ, ಯಾವ ಕಡೆ ತಿರುಗ್ಸೋದು. ಬೋಲ್ಟ್ ತಲೆ ಕಡೆಗೆ ಮುಖ ಮಾಡಿ ನೋಡಿದಾಗ ಗಡಿಯಾರದ ಉಲ್ಟಾ ದಿಕ್ಕು, ಅದು ಎಲ್ಲಿದ್ರೂ ಅಷ್ಟೇ. ಮೇಲಿಂದ ಕೈ ಬಿಟ್ಟು ತಲೆ ಕಾಣ್ದೇ ತಿರುಗ್ಸೋರು ಲೂಸ್ ಮಾಡ್ತಿದೀನಿ ಅಂದ್ಕೊಂಡು ಟೈಟ್ ಮಾಡ್ತಾ ಇರ್ತಾರೆ, ಕೊನೆಗೆ ಥ್ರೆಡ್ ಹೋಗತ್ತೆ. ಪ್ಲಗ್ ಕೊನೇ ಸುತ್ತಿಗೆ ಬಂದಾಗ ಒಳಗಡೆಗೆ ಒತ್ತಿ ಹಿಡ್ಕೊಂಡೇ ಬಿಚ್ಚಿ, ಪಟ್ ಅಂತ ಪಕ್ಕಕ್ಕೆ ಎಳ್ಕೊಳ್ಳಿ, ಆದ್ರೂ ಅರ್ಧ ಆಯಿಲ್ ಮೊಣಕೈವರೆಗೆ ಹರಿಯತ್ತೆ, ಇದನ್ನ ಯಾವ ಮ್ಯಾನ್ಯುಯಲ್ಲೂ ಬರ್ದಿರಲ್ಲ. ಫಿಲ್ಟರ್ ತೆಗೆದ ಮೇಲೆ ಹಳೇ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟ್ಕೊಂಡಿದ್ಯಾ ಬೆರಳು ಹಾಕಿ ನೋಡಿ, ಅದ್ರ ಮೇಲೆ ಹೊಸ ಫಿಲ್ಟರ್ ಕೂರ್ಸಿದ್ರೆ ಎರಡು ರಿಂಗ್ ಆಗಿ ಸ್ಟಾರ್ಟ್ ಮಾಡಿದ ತಕ್ಷಣ ಆಯಿಲ್ ಅಭಿಷೇಕ. ಹೊಸ ರಿಂಗಿಗೆ ಸ್ವಲ್ಪ ಆಯಿಲ್ ಸವರಿ, ಕೈಯಲ್ಲೇ ತಿರುಗ್ಸಿ, ರಿಂಗ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು. ಆಯಿಲ್ ಪೂರ್ತಿ ಒಂದೇ ಸಲ ಸುರೀಬೇಡಿ, ಸ್ವಲ್ಪ ಉಳಿಸ್ಕೊಂಡು ಆಯಿಲ್ ಮಟ್ಟ ತೋರ್ಸೋ ಡಿಪ್‌ಸ್ಟಿಕ್ ನೋಡಿ ನೋಡಿ ಹಾಕಿ. ಇಳಿಸಿದ ಹಳೇ ಆಯಿಲ್ ಚರಂಡಿಗೆ ಬೇಡ ಮಾರಾಯ್ರೇ, ಡಬ್ಬಕ್ಕೆ ಹಾಕಿ ಯಾವ್ದಾದ್ರೂ ಗ್ಯಾರೇಜಿಗೆ ಕೊಡಿ.

ಪ್ಲಗ್ ಎಷ್ಟು ಟೈಟ್ ಮಾಡ್ಬೇಕು ಅಂತ ಟೇಬಲ್ ಇರತ್ತೆ, ಚಿಕ್ಕ ಕಾರುಗಳಲ್ಲಿ ಡ್ರೈನ್ ಪ್ಲಗ್ಗಿಗೆ 35 ನ್ಯೂಟನ್ ಮೀಟರ್ (ತಿರುಗ್ಸೋ ಬಲದ ಅಳತೆ) ಆಸುಪಾಸು ಬರ್ದಿರ್ತಾರೆ, ನಿಮ್ ಗಾಡೀದು ನೀವೇ ನೋಡ್ಕೊಳ್ಳಿ. ನಮ್ ಕಡೆ ಅಳತೆ ಅಂದ್ರೆ "ಫುಲ್ ಟೈಟು" ಒಂದೇ. ಎಷ್ಟು ಬಿಗಿ ಆಯ್ತು ಅಂತ ತಿಳಿಸೋ ಟಾರ್ಕ್ ರೆಂಚ್ ಇದ್ರೆ ಬಹಳ ಒಳ್ಳೇದು, ಇಲ್ಲಾಂದ್ರೆ ಅಂದಾಜಿಗೆ ಒಂದು ಲೆಕ್ಕ, 35 ಅಂದ್ರೆ ಹತ್ರ ಹತ್ರ 35 ಸೆಂಟಿಮೀಟರ್ ಉದ್ದದ ಹಿಡಿಕೆ ತುದೀಲಿ 10 ಕೆಜಿ ಭಾರ ಬಿಟ್ಟಷ್ಟು. ನೋಡಿ, ಅಷ್ಟೇ. ಪಾನಾ ಮೇಲೆ ಹತ್ತಿ ನಿಲ್ಲೋ ಅವಶ್ಯಕತೆ ಇಲ್ಲ, ಸಂಪ್, ಅಂದ್ರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ಪಾತ್ರೆ, ಅಲ್ಯೂಮಿನಿಯಂದಾದ್ರೆ ಮೊದ್ಲು ಥ್ರೆಡ್ ಎದ್ದು ಬರತ್ತೆ. ಬಿಚ್ಚೋವಾಗಿನ ಕಥೆ ಉಲ್ಟಾ. ಮ್ಯಾನ್ಯುಯಲ್ ದೇವ್ರು ವರ ಕೊಟ್ರೂ ತುಕ್ಕು ಹಿಡಿದ ಬೋಲ್ಟ್ ಪೂಜಾರಿ ಕೊಡಲ್ಲ, ಅದಕ್ಕೆ ಹಿಂದಿನ ರಾತ್ರೀನೇ ತುಕ್ಕು ಬಿಡ್ಸೋ ಸ್ಪ್ರೇ ಹೊಡ್ದು ಬಿಟ್ಟಿರ್ಬೇಕು, ಬೆಳಿಗ್ಗೆ ಇನ್ನೊಂದು ಸಲ. ಸ್ವಲ್ಪ ಟೈಟ್ ಮಾಡಿ ಆಮೇಲೆ ಲೂಸ್ ಮಾಡಿದ್ರೂ ಕೆಲವು ಸಲ ಕಟ್ ಅಂತ ಬಿಡತ್ತೆ. ಬೋಲ್ಟ್ ಬಿಟ್ಟ ಸೌಂಡಿಗೂ ಬೋಲ್ಟ್ ತಲೆ ಮುರಿದ ಸೌಂಡಿಗೂ ಅಂಥ ವ್ಯತ್ಯಾಸ ಇಲ್ಲ, ಅದೇ ಬೇಜಾರು.

ಡೋರ್ ಪ್ಯಾನಲ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. "ಪ್ಯಾನಲನ್ನು ನಿಧಾನವಾಗಿ ಎಳೆಯಿರಿ" ಅಂತಿರತ್ತೆ. ನಿಧಾನಕ್ಕೆ ಎಳೆದ್ರೆ ಬರಲ್ಲ, ಜೋರಾಗಿ ಎಳೆದ್ರೆ ಕ್ಲಿಪ್ ಮುರಿಯತ್ತೆ. ಹಿಡಿಕೆ ಒಳಗಡೆ, ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಒಂದು ಸ್ಕ್ರೂ ಅಡಗಿರತ್ತೆ, ಅದನ್ನ ಬಿಚ್ಚದೇ ಎಳೀತಾ ಇರ್ತಾರೆ ಜನ. ಪ್ಲಾಸ್ಟಿಕ್ ಪ್ರೈ ಟೂಲ್ ಅಂತ ಸಿಗತ್ತೆ, ಅದನ್ನ ಕ್ಲಿಪ್ಪಿನ ಪಕ್ಕಕ್ಕೇ ಹಾಕಿ ಮೀಟಿ, ಮತ್ತೆ ನಾಲ್ಕೈದು ಕ್ಲಿಪ್ ಎಕ್ಸ್ಟ್ರಾ ಇಟ್ಕೊಂಡೇ ಶುರು ಮಾಡಿ.

ಕೊನೇದಾಗಿ ಎಲ್ಲ ಮ್ಯಾನ್ಯುಯಲ್ಲುಗಳ ಮಹಾಮಂತ್ರ: ಜೋಡಣೆ, ಬಿಚ್ಚಿದ್ದರ ಹಿಮ್ಮುಖ ಕ್ರಮ. ಬ್ರಿಟನ್ನಿನ ಜಾನ್ ಹೇನ್ಸ್ 1966ರಲ್ಲಿ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರಿನ ಮ್ಯಾನ್ಯುಯಲ್ ತಂದ್ರು, ಸ್ನೇಹಿತರ ಕಾರನ್ನ ಬಿಚ್ಚಿ ಜೋಡಿಸ್ತಾ ಫೋಟೋ ತೆಗೆದ ಅನುಭವದಿಂದ ಶುರುವಾದ ಸರಣಿ ಅದು, ಕೆಲ್ಸ ಎಷ್ಟು ಕಷ್ಟ ಅಂತ ಒಂದರಿಂದ ಐದು ಸ್ಪ್ಯಾನರ್ ಚಿತ್ರ ಹಾಕೋದೂ ಅವ್ರ ಪುಸ್ತಕಗಳಲ್ಲಿ ಬಂತು. ಈ ಹಿಮ್ಮುಖ ಕ್ರಮದ ಸಾಲು ಅಲ್ಲಿನ ಓದುಗರಿಗೂ ಹಳೇ ಜೋಕು. ಬಿಚ್ಚೋವಾಗ ಗುರುತ್ವಾಕರ್ಷಣೆ ನಿಮ್ ಕಡೆ ಇರತ್ತೆ, ಜೋಡ್ಸೋವಾಗ ಇರಲ್ಲ, ಸ್ಪ್ರಿಂಗ್ ಹಾರಿ ಹೋಗಿರತ್ತೆ, ಅದು ಯಾವ ಕಡೆ ಮುಖ ಮಾಡಿತ್ತು ಅಂತ ಅದಕ್ಕೇ ಗೊತ್ತಿರಲ್ಲ. ಅದಕ್ಕೆ ಮೊಟ್ಟೆ ಟ್ರೇ ಒಂದು ಪಕ್ಕದಲ್ಲಿಟ್ಕೊಳ್ಳಿ, ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಂಡಿಗೆ ಆ ಸ್ಟೆಪ್ಪಿನ ಬೋಲ್ಟುಗಳು, ಪಕ್ಕ ಮಾರ್ಕರಲ್ಲಿ ನಂಬರ್. ಉದ್ದ ಬೇರೆ ಬೇರೆ ಇರೋ ಬೋಲ್ಟುಗಳನ್ನ ರಟ್ಟಿನ ಮೇಲೆ ಆ ಪಾರ್ಟಿನ ಚಿತ್ರ ಬರ್ದು ಅದೇ ಜಾಗದಲ್ಲಿ ಚುಚ್ಚಿಡಿ. ವಾಪಸ್ ಹಾಕೋವಾಗ ಎಲ್ಲ ಬೋಲ್ಟನ್ನೂ ಮೊದ್ಲು ಕೈಯಲ್ಲೇ ಎರಡು ಮೂರು ಸುತ್ತು ಹಚ್ಚಿ, ಆಮೇಲೆ ಟೈಟ್ ಮಾಡಿ, ಒಂದನ್ನೇ ಪೂರ್ತಿ ಬಿಗಿದ್ರೆ ಕೊನೇದು ತೂತಿಗೇ ಬರಲ್ಲ. ಮೇಲೊಂದು ಬೋಲ್ಟ್ ಉಳೀತು ಅಂದ್ರೆ ಅದು ಕಂಪನಿ ಉಡುಗೊರೆ ಅಲ್ಲ, ಹುಡುಕಿ.

ಟೈಮ್ ಎಷ್ಟು ಬೇಕು ಅಂತ ಕೊಟ್ಟಿದ್ರೆ ಮೂರರಿಂದ ಗುಣಿಸಿ, ಮನೆಯವ್ರಿಗೆ ನಾಲ್ಕರಿಂದ ಗುಣಿಸಿ ಹೇಳಿ. ಏರ್‌ಬ್ಯಾಗ್ ಇರೋ ಸ್ಟೀರಿಂಗ್, ಎಸಿ ಗ್ಯಾಸ್, ಟೈಮಿಂಗ್ ಬೆಲ್ಟ್, ಬ್ರೇಕಿನ ಹೈಡ್ರಾಲಿಕ್ಸ್ ಇವನ್ನ ಪುಸ್ತಕ ಎಷ್ಟೇ ಧೈರ್ಯ ತುಂಬಿದ್ರೂ ಮುಟ್ಟೋಕೆ ಹೋಗ್ಬೇಡಿ. ಅರ್ಧದಲ್ಲಿ ಸಿಕ್ಕಾಕೊಂಡ್ರೆ ನಾಚ್ಕೊಳ್ಳದೇ ಪಾರ್ಟ್ಸೆಲ್ಲ ಮೊಟ್ಟೆ ಟ್ರೇ ಸಮೇತ ಜೋಪಾನ ಮಾಡಿ ಮೆಕ್ಯಾನಿಕ್ಕನ್ನ ಮನೆಗೇ ಕರೀರಿ, ಬಂದವ್ರು ಮೊದ್ಲು ಕೇಳೋದು "ಯಾರ್ ಸಾರ್ ಇದನ್ನ ಬಿಚ್ಚಿದ್ದು" ಅಂತಾನೇ. ನಿಜ ಹೇಳಿ, ಯಾವ ಸ್ಟೆಪ್ ತನಕ ಬಂದಿದೀರ ಅಂತ ಫೋಟೋ ತೋರ್ಸಿ. ಲೇಬರ್ ಚಾರ್ಜಲ್ಲಿ ಡಿಸ್ಕೌಂಟ್ ಮಾತ್ರ ಕೇಳ್ಬೇಡಿ, ಬಿಚ್ಚಿದ್ದನ್ನ ಅರ್ಥ ಮಾಡ್ಕೊಳ್ಳೋಕೇ ಅವ್ರು ಎಕ್ಸ್ಟ್ರಾ ತಗೋತಾರೆ.